ಹಿಮ ತೆಗೆಯುವಾಗ ಟ್ರ್ಯಾಕ್ಟರ್ ಹತ್ತು ನಿಮಿಷಕ್ಕೇ ನಿಲ್ಲುತ್ತಿದೆ, ಡೀಸೆಲ್ ಗಟ್ಟಿಯಾಗುತ್ತಿದೆಯಾ?

ಸಿರಾಕ್ಯೂಸ್_ಗೌಡ

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಹೊರವಲಯದಲ್ಲಿ ನಮ್ಮ ಮನೆ. ಸುತ್ತ ಮೂರು ಎಕರೆ ಜಾಗ, ರಸ್ತೆವರೆಗೆ ಸುಮಾರು 400 ಅಡಿ ಜಲ್ಲಿ ಹಾಕಿದ ಡ್ರೈವ್‌ವೇ. ಒಂಟಾರಿಯೊ ಸರೋವರದ ಮೇಲಿಂದ ಬೀಸುವ ಗಾಳಿ ತಂದು ಸುರಿಯುವ ಹಿಮ ಒಂದು ಚಳಿಗಾಲಕ್ಕೆ ಸರಾಸರಿ 3 ಮೀಟರ್ ಆಗುತ್ತದೆ. ಸಲಿಕೆ ಹಿಡಿದು ತೆಗೆಯುವ ಮಾತೇ ಇಲ್ಲ.

ಟ್ರ್ಯಾಕ್ಟರ್ 24 ಎಚ್‌ಪಿ, ಮೂರು ಸಿಲಿಂಡರ್ ಡೀಸೆಲ್, ಹೈಡ್ರೋಸ್ಟ್ಯಾಟಿಕ್ (ಗೇರ್ ಬದಲಿಗೆ ಎಣ್ಣೆಯ ಒತ್ತಡದಿಂದ ಚಲಿಸುವಂಥದ್ದು). ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವುದು, ಬಿದ್ದ ಮರದ ದಿಮ್ಮಿ ಎಳೆಯುವುದು, ಲೋಡರ್‌ನಲ್ಲಿ ಗೊಬ್ಬರ ಸಾಗಿಸುವುದು ಎಲ್ಲಾ ಮಾಡುತ್ತದೆ, ಯಾವ ತಕರಾರೂ ಇಲ್ಲ. ಚಳಿಗಾಲಕ್ಕೆ ಹಿಂದಿನ ಪಿಟಿಒಗೆ (ಇಂಜಿನ್ ಬಲವನ್ನು ಉಪಕರಣಕ್ಕೆ ಕೊಡುವ ತಿರುಗುವ ಶಾಫ್ಟ್) ಹಿಮ ಎಸೆಯುವ ಸ್ನೋಬ್ಲೋವರ್ ಹಾಕುತ್ತೇನೆ.

ತೊಂದರೆ ಈಗ ಶುರುವಾಗಿದೆ. ಬೆಳಿಗ್ಗೆ ಗ್ಲೋ ಪ್ಲಗ್ (ಚಳಿಯಲ್ಲಿ ಸಿಲಿಂಡರ್ ಒಳಗೆ ಬಿಸಿ ಕೊಡುವ ಪ್ಲಗ್) ಬಿಸಿ ಮಾಡಿ ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್ ಆಗುತ್ತದೆ. ಐಡಲ್‌ನಲ್ಲಿ ಎಷ್ಟು ಹೊತ್ತು ಬಿಟ್ಟರೂ ಸರಿಯಾಗಿ ಓಡುತ್ತದೆ. ಬ್ಲೋವರ್ ಹಾಕಿ ಆಕ್ಸಿಲರೇಟರ್ ಏರಿಸಿ ಕೆಲಸ ಶುರು ಮಾಡಿದರೆ ಹತ್ತು-ಹದಿನೈದು ನಿಮಿಷಕ್ಕೆ ಆರ್‌ಪಿಎಂ ಇಳಿಯುತ್ತಾ ಬಂದು ನಿಂತೇ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಸ್ಟಾರ್ಟ್! ಮತ್ತೆ ಅದೇ ಕಥೆ. ಡೀಸೆಲ್ ಗಟ್ಟಿಯಾಗದಂತೆ ಬೆರೆಸುವ ಆಂಟಿ-ಜೆಲ್ ಬಾಟಲಿ ಟ್ಯಾಂಕಿಗೆ ಹಾಕಿದೆ, ಏನೂ ಪ್ರಯೋಜನ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಇಲ್ಲಿ ಮೈನಸ್ 15 ಸೆಲ್ಸಿಯಸ್.

ದುಲೂತ್_ಭಟ್ರು

ಸರ್, ನಾನು ಮಿನ್ನೆಸೋಟಾದಲ್ಲಿದ್ದೇನೆ. ಇಲ್ಲಿ ಮೈನಸ್ 15 ಅಂದರೆ ಜನ ಜಾಕೆಟ್ ಗುಂಡಿ ಬಿಚ್ಚಿಕೊಂಡು ಓಡಾಡುತ್ತಾರೆ 😀

ನನಗೆ ಮೊದಲ ಅನುಮಾನ ಡೀಸೆಲ್ ಮೇಲೇ. ಡೀಸೆಲ್ಲಿನಲ್ಲೇ ಮೇಣದ ಅಂಶ ಇರುತ್ತದೆ. ನಂಬರ್ 2 ಡೀಸೆಲ್, ಅಂದರೆ ಬೇಸಿಗೆಯದ್ದು, ಮೈನಸ್ 10ರ ಆಸುಪಾಸಿನಲ್ಲಿ ಮಬ್ಬಾಗಲು ಶುರುವಾಗುತ್ತದೆ. ಊರಲ್ಲಿ ಡಿಸೆಂಬರ್ ಬಂದರೆ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಬೆಳ್ಳಗಾಗುತ್ತದಲ್ಲ, ಹಾಗೆ. ಟ್ಯಾಂಕಿನಲ್ಲಿ ಇನ್ನೂ ದ್ರವವಾಗಿಯೇ ಕಾಣುತ್ತದೆ, ಆದರೆ ಮೇಣದ ಹರಳು ಫಿಲ್ಟರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಐಡಲ್‌ಗೆ ಇಂಜಿನ್ನಿಗೆ ಡೀಸೆಲ್ ಸ್ವಲ್ಪ ಸಾಕು, ಅದಕ್ಕೆ ಓಡುತ್ತದೆ. ಲೋಡ್ ಬಿದ್ದಾಗ ಜಾಸ್ತಿ ಬೇಕು, ಆಗ ಸಾಲುವುದಿಲ್ಲ.

ಆಂಟಿ-ಜೆಲ್ ಬಗ್ಗೆ ಒಂದು ಮಾತು. ಡೀಸೆಲ್ ಮಬ್ಬಾಗುವ ಮೊದಲೇ ಅದನ್ನು ಬೆರೆಸಬೇಕು. ಮೇಣ ಕಟ್ಟಿದ ಮೇಲೆ ಹಾಕಿದರೆ ಅದು ಕರಗಿಸುವುದಿಲ್ಲ. ಕರಗಿಸಲು ಬೇರೆ ಎಮರ್ಜೆನ್ಸಿ ಬಾಟಲಿ ಸಿಗುತ್ತದೆ. ಡೀಸೆಲ್ ಯಾವಾಗ ತುಂಬಿಸಿದ್ದು?

ಗ್ಯಾರೇಜ್_ಗುರು

ಏರ್ ಇನ್‌ಟೇಕ್‌ಗೆ ಸ್ವಲ್ಪ ಈಥರ್ ಸ್ಪ್ರೇ ಹೊಡೆದು ನೋಡಿ ಸರ್, ನಿಂತ ಮೇಲೆ ಬೇಗ ಎತ್ತಿಕೊಳ್ಳುತ್ತದೆ.

ದುಲೂತ್_ಭಟ್ರು

ದಯವಿಟ್ಟು ಬೇಡ! ಗ್ಲೋ ಪ್ಲಗ್ ಇರುವ ಇಂಜಿನ್ನಿಗೆ ಈಥರ್ ಹೊಡೆಯಬಾರದು. ಕಾದ ಪ್ಲಗ್‌ಗೆ ತಾಗಿ ಹೊತ್ತಬಾರದ ಹೊತ್ತಿನಲ್ಲಿ ಹೊತ್ತಿಕೊಂಡರೆ ಪಿಸ್ಟನ್ನೇ ಒಡೆಯಬಹುದು. ಅಲ್ಲದೆ ಇವರಿಗೆ ಸ್ಟಾರ್ಟಿಂಗ್ ತೊಂದರೆಯೇ ಇಲ್ಲವಲ್ಲ.

ಗ್ವೆಲ್ಫ್_ಗೃಹಸ್ಥ

ಕೆನಡಾದಿಂದ ನಮಸ್ಕಾರ. ಫಿಲ್ಟರ್ ಬಿಚ್ಚುವ ಮೊದಲು ದುಡ್ಡಿಲ್ಲದೆ ಆಗುವ ಪರೀಕ್ಷೆ ಮಾಡಿಬಿಡಿ.

1. ನಿಲ್ಲುವಾಗ ಟಪ್ ಅಂತ ಒಮ್ಮೆಲೇ ನಿಲ್ಲುತ್ತದಾ, ದಮ್ಮು ಕಟ್ಟಿಕೊಂಡು ನಿಧಾನಕ್ಕೆ ನಿಲ್ಲುತ್ತದಾ? ಒಮ್ಮೆಲೇ ಆದರೆ ಸೀಟಿನ ಕೆಳಗಿನ ಸೇಫ್ಟಿ ಸ್ವಿಚ್ ನೋಡಿ. ಪಿಟಿಒ ಹಾಕಿದಾಗ ಸೀಟಿನಿಂದ ಸ್ವಲ್ಪ ಎದ್ದರೂ ಇಂಜಿನ್ ಆಫ್ ಆಗುತ್ತದೆ. ಹಿಂದೆ ತಿರುಗಿ ತಿರುಗಿ ನೋಡುವ ಕೆಲಸ, ತೂಕ ಒಂದು ಬದಿಗೆ ಹೋಗುತ್ತದೆ.

2. ಹೊಗೆಯ ಬಣ್ಣ ಏನು? ಕಪ್ಪಗಿದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಬ್ಲೋವರ್ ಎಸೆದ ಪುಡಿ ಹಿಮವೇ ಗಾಳಿಗೆ ಹಿಂದಕ್ಕೆ ಬಂದು ಮುಂದಿನ ಜಾಲರಿಗೆ, ಏರ್ ಕ್ಲೀನರ್ ಬಾಯಿಗೆ ಮೆತ್ತಿಕೊಳ್ಳುತ್ತದೆ. ಹೊಗೆಯೇ ಇಲ್ಲದೆ ಸೋಲುತ್ತಿದ್ದರೆ ಡೀಸೆಲ್ ಬರುತ್ತಿಲ್ಲ.

3. ನಿಲ್ಲುವ ಹಂತಕ್ಕೆ ಬಂದಾಗ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಸಣ್ಣ ತೂತು ಐಸ್ ಕಟ್ಟಿ ಮುಚ್ಚಿದೆ.

ಇನ್ನೊಂದು, ಚಳಿ ಕಡಿಮೆ ಇದ್ದ ದಿನ ಹೇಗಿರುತ್ತದೆ ಹೇಳಿ. ನನಗೆ ಅದೇ ಮುಖ್ಯ.

ಸಿರಾಕ್ಯೂಸ್_ಗೌಡ

ಎಲ್ಲರಿಗೂ ಥ್ಯಾಂಕ್ಸ್. ನಿಧಾನಕ್ಕೇ ನಿಲ್ಲುತ್ತದೆ, ಹಾಗಾಗಿ ಸೀಟ್ ಸ್ವಿಚ್ ಅಲ್ಲ. ಕಪ್ಪು ಹೊಗೆ ಇಲ್ಲ. ಮುಚ್ಚಳ ತೆಗೆದು ನೋಡಿದೆ, ಸದ್ದೇನೂ ಬರಲಿಲ್ಲ, ಇಂಜಿನ್ ಚೇತರಿಸಿಕೊಳ್ಳಲೂ ಇಲ್ಲ.

ಡೀಸೆಲ್ ತಂದಿದ್ದು ಡಿಸೆಂಬರ್ ಕೊನೆಯಲ್ಲಿ. ಕೆಂಪು ಬಣ್ಣದ ಆಫ್-ರೋಡ್ ಡೀಸೆಲ್. ಬಂಕಿನಲ್ಲಿ ಕೇಳಿದ್ದೆ, ಚಳಿಗಾಲದ ಮಿಶ್ರಣವೇ ಅಂದರು. ಟ್ಯಾಂಕಿನಲ್ಲಿ ಮೊದಲಿನದ್ದು ಕಾಲು ಭಾಗ ಇತ್ತು, ಅದರ ಮೇಲೆ ತುಂಬಿಸಿದೆ.

ಚಳಿ ಕಡಿಮೆ ಇದ್ದ ದಿನದ ವಿಚಾರ ಕೇಳಿದಿರಿ. ಕಳೆದ ವಾರ ಮೈನಸ್ 4 ಇತ್ತು, ಆಗಲೂ ನಿಂತಿತು. ಅದರ ಹಿಂದಿನ ವಾರ ಹಿಮ ಕರಗುವಷ್ಟು ಬೆಚ್ಚಗಾಗಿ 5 ಡಿಗ್ರಿ ಮೇಲೆ ಹೋಗಿತ್ತು. ಆ ದಿನ ಲೋಡರ್‌ನಲ್ಲಿ ಒದ್ದೆ ಹಿಮ ತಳ್ಳುತ್ತಾ ಮಧ್ಯಾಹ್ನದವರೆಗೆ ಓಡಿಸಿದೆ, ಒಮ್ಮೆಯೂ ಕೆಮ್ಮಲಿಲ್ಲ.

ದುಲೂತ್_ಭಟ್ರು

ಇದು ವಿಚಿತ್ರ. ಚಳಿಗಾಲದ ಮಿಶ್ರಣ ಮೈನಸ್ 4ಕ್ಕೆ ಮೇಣ ಕಟ್ಟುವುದಿಲ್ಲ. ಹಳೆಯ ಕಾಲು ಭಾಗ ಬೆರೆತಿದ್ದರೂ ಕಟ್ಟಬಾರದು.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೊಂದರೆಯೂ ಅಲ್ಲ, ನಿಮ್ಮದು 24 ಎಚ್‌ಪಿ ತಾನೆ. ಅಮೆರಿಕದಲ್ಲಿ 19 ಕಿಲೋವ್ಯಾಟ್, ಅಂದರೆ ಸುಮಾರು 25 ಎಚ್‌ಪಿ ದಾಟಿದರೆ ಹೊಗೆಯ ನಿಯಮ ಬಿಗಿಯಾಗುತ್ತದೆ. ಇಷ್ಟೊಂದು ಮಾಡೆಲ್‌ಗಳು 24-25ರ ಹತ್ತಿರವೇ ಬಂದು ನಿಲ್ಲುವುದು ಅದಕ್ಕೇ.

ಸಾಗರದ_ತೋಟಿಗ

ನಾನು ಮಾತಾಡಬಹುದಾ? ಹಿಮ ನಾನು ಫೋಟೋದಲ್ಲಿ ಬಿಟ್ಟರೆ ನೋಡಿದವನಲ್ಲ. ಸಾಗರದ ಹತ್ತಿರ ಅಡಿಕೆ ತೋಟ, ನನ್ನ ಹತ್ತಿರವೂ ಒಂದು ಮಿನಿ ಟ್ರ್ಯಾಕ್ಟರ್ ಇದೆ.

ಗೌಡ್ರೇ, ನೀವು ಹೇಳಿದ್ದರಲ್ಲಿ ಒಂದು ಲೆಕ್ಕ ಕಾಣುತ್ತಿದೆ. ಮೈನಸ್ 15ಕ್ಕೂ ನಿಲ್ಲುತ್ತದೆ, ಮೈನಸ್ 4ಕ್ಕೂ ನಿಲ್ಲುತ್ತದೆ, 5 ಡಿಗ್ರಿಗೆ ನಿಲ್ಲುವುದಿಲ್ಲ. ಅಂದರೆ ಗಡಿ ಸೊನ್ನೆಯ ಹತ್ತಿರ ಎಲ್ಲೋ ಇದೆ. ಸೊನ್ನೆಗೆ ಹೆಪ್ಪುಗಟ್ಟುವುದು ಮೇಣ ಅಲ್ಲ, ನೀರು. ಡೀಸೆಲ್‌ನಲ್ಲಿ ನೀರು ಸೇರಿದೆಯಾ ನೋಡಿ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಗೋಳು. ಕ್ಯಾನ್ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಮಳೆ ನೀರು ಇಳಿಯುತ್ತದೆ. ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ರಾತ್ರಿ ಒಳಗೋಡೆಗೆ ಬೆವರು ಕಟ್ಟಿ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ನಮಗೆ ಅದು ನೀರಾಗಿಯೇ ಬಂದು ಇಂಜಿನ್ ಕೆಮ್ಮಿಸುತ್ತದೆ. ನಿಮಗೆ ಐಸ್ ಆಗಿ ದಾರಿಯನ್ನೇ ಮುಚ್ಚುತ್ತಿರಬೇಕು. ನಿಂತ ಮೇಲೆ ಇಂಜಿನ್ ಬಿಸಿ ಅತ್ತ ಹರಡಿ ಸ್ವಲ್ಪ ಕರಗುತ್ತದೆ, ಮತ್ತೆ ಸ್ಟಾರ್ಟ್ ಆಗುತ್ತದೆ.

ಫಿಲ್ಟರ್ ಕೆಳಗೆ ಗಾಜಿನ ಅಥವಾ ಪ್ಲಾಸ್ಟಿಕ್ ಬಟ್ಟಲು ಇದೆಯಾ? ಕೆಲವದರಲ್ಲಿ ಕೆಂಪು ರಿಂಗ್ ಇರುತ್ತದೆ. ಅದು ಡೀಸೆಲ್‌ನಲ್ಲಿ ಮುಳುಗುತ್ತದೆ, ನೀರಿನ ಮೇಲೆ ತೇಲುತ್ತದೆ. ರಿಂಗ್ ಎಲ್ಲಿದೆ ಹೇಳಿ.

ಸಿರಾಕ್ಯೂಸ್_ಗೌಡ

ಬಟ್ಟಲು ಇದೆ. ಟಾರ್ಚ್ ಹಿಡಿದು ನೋಡಿದೆ. ರಿಂಗ್ ತಳದಿಂದ ಮೇಲೆ ಓರೆಯಾಗಿ ನಿಂತಿದೆ, ಬಟ್ಟಲು ತಟ್ಟಿದರೂ ಅಲ್ಲಾಡುತ್ತಿಲ್ಲ.

ಸಾಗರದ_ತೋಟಿಗ

ಅಲ್ಲಾಡುತ್ತಿಲ್ಲ ಅಂದರೆ ಐಸಿನಲ್ಲಿ ಕೂತಿದೆ. ಬಿಚ್ಚಿ.

ಗ್ವೆಲ್ಫ್_ಗೃಹಸ್ಥ

ಬಿಚ್ಚುವಾಗ ಗಮನಿಸಿ. ಮೊದಲು ಡೀಸೆಲ್ ಕಾಕ್ ಬಂದ್ ಮಾಡಿ. ಬೆಂಕಿ, ಹೀಟ್ ಗನ್ ಯಾವುದೂ ಬೇಡ. ಬಿಸಿನೀರೂ ಸುರಿಯಬೇಡಿ, ಗಾಜಾದರೆ ಸೀಳಿಬಿಡುತ್ತದೆ. ಸಾಧ್ಯವಾದರೆ ಟ್ರ್ಯಾಕ್ಟರನ್ನೇ ಬೆಚ್ಚಗಿನ ಗ್ಯಾರೇಜ್‌ಗೆ ತಂದು ರಾತ್ರಿ ಬಿಡಿ. ಬಾಗಿಲು ಹಾಕಿಕೊಂಡು ಒಳಗೆ ಇಂಜಿನ್ ಮಾತ್ರ ಓಡಿಸಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

ಪೆಟ್ರೋಲ್ ಕಾರಿಗೆ ನೀರು ಹೋಗಲಿ ಅಂತ ಹಾಕುವ ಆಲ್ಕೋಹಾಲ್ ಬಾಟಲಿಯನ್ನು ಇದಕ್ಕೆ ಸುರಿಯುವ ಆಸೆಯೂ ಬೇಡ. ಡೀಸೆಲ್ ಪಂಪ್‌ಗೆ, ಇಂಜೆಕ್ಟರ್‌ಗೆ ಅದು ಒಳ್ಳೆಯದಲ್ಲ.

ಸಿರಾಕ್ಯೂಸ್_ಗೌಡ

ತೋಟಿಗರೇ, ನಿಮಗೊಂದು ದೊಡ್ಡ ನಮಸ್ಕಾರ!

ಬಟ್ಟಲು ಬಿಚ್ಚಿ ಒಳಗೆ ತಂದೆ. ಮೇಲೆ ಕೆಂಪು ಡೀಸೆಲ್, ಕೆಳಗೆ ಬೆರಳು ದಪ್ಪದ ಐಸ್, ಅದರಲ್ಲಿ ರಿಂಗ್ ಅರ್ಧ ಹೂತಿತ್ತು. ಐಸ್ ತಳದಲ್ಲಿ ಕಂದು ಕಸ. ಫಿಲ್ಟರ್ ಮಡಿಕೆಗಳ ನಡುವೆಯೂ ಸಣ್ಣ ಸಣ್ಣ ಹರಳು ಮಿನುಗುತ್ತಿದ್ದವು, ಬೆರಳಿಗೆ ತಾಗಿಸಿದರೆ ಕರಗಿ ನೀರಾಯಿತು. ಮೇಣವಾಗಿದ್ದರೆ ಜಿಡ್ಡಾಗಿ ಮೆತ್ತಿಕೊಳ್ಳುತ್ತಿತ್ತು, ಅಲ್ವಾ? ಬಟ್ಟಲನ್ನು ಅಡುಗೆಮನೆ ಸಿಂಕ್ ಪಕ್ಕ ಇಟ್ಟಿದ್ದಕ್ಕೆ ಮನೆಯಲ್ಲಿ ಏನಾಯಿತು ಅನ್ನುವುದು ಬೇರೆ ಚರ್ಚೆ.

ಈಗ ಮುಂದೆ? ಟ್ಯಾಂಕಿನಲ್ಲಿ ಇನ್ನೂ ನೀರು ಇರಬಹುದಲ್ಲ?

ಸಾಗರದ_ತೋಟಿಗ

ಖಂಡಿತ ಇರುತ್ತದೆ. ಬಟ್ಟಲು ಮಾತ್ರ ತೊಳೆದು ಹಾಕಿದರೆ ನಾಳೆ ಮತ್ತೆ ಅದೇ. ಟ್ರ್ಯಾಕ್ಟರ್ ಬೆಚ್ಚಗಾದ ಮೇಲೆ ಟ್ಯಾಂಕಿನ ತಳದಿಂದ ಡೀಸೆಲ್ ಇಳಿಸಿ. ಡ್ರೇನ್ ಪ್ಲಗ್ ಇಲ್ಲದಿದ್ದರೆ ಕೈಪಂಪ್ ಪೈಪು ತಳ ಮುಟ್ಟುವ ಹಾಗೆ ಬಿಟ್ಟು ಎಳೆಯಿರಿ. ಪಾರದರ್ಶಕ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ಎರಡೂ ಬೇರೆಯಾಗಿ ಕಾಣುತ್ತವೆ. ನೀರು ಬರುವುದು ನಿಲ್ಲುವವರೆಗೆ ತೆಗೆಯಿರಿ. ಹೊಸ ಫಿಲ್ಟರ್ ಹಾಕಿ, ಬಟ್ಟಲಿನ ರಬ್ಬರ್ ರಿಂಗ್ ಕೂಡ ಹೊಸದೇ ಇರಲಿ. ಹಳೆಯದು ಚಳಿಗೆ ಗಡುಸಾಗಿ ಗಾಳಿ ಎಳೆಯುತ್ತದೆ, ಆಮೇಲೆ ಇನ್ನೊಂದು ತಲೆನೋವು.

ಕ್ಯಾನ್ ಎಲ್ಲಿಡುತ್ತೀರಿ?

ಸಿರಾಕ್ಯೂಸ್_ಗೌಡ

ಶೆಡ್ ಹೊರಗೆ, ಸೂರಿನ ಕೆಳಗೆ.

ಸಾಗರದ_ತೋಟಿಗ

ಅಲ್ಲಿಂದಲೇ ಬಂದಿರಬೇಕು. ಒಳಗೆ ಇಡಿ. ಟ್ಯಾಂಕಿಗೆ ಹಾಕುವ ಮೊದಲು ಕ್ಯಾನ್ ಅಲ್ಲಾಡಿಸದೆ ಬಿಟ್ಟು, ತಳದ ಒಂದು ಇಂಚು ಸುರಿಯದೆ ಉಳಿಸಿ. ನೀರು ತಡೆಯುವ ಜಾಲರಿ ಇರುವ ಫನಲ್ ಸಿಗುತ್ತದೆ, ಅದು ಒಂದಿರಲಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ.

ದುಲೂತ್_ಭಟ್ರು

ಹಿಮ ಸುರಿಯುತ್ತಿರುವಾಗ ಬಯಲಲ್ಲಿ ಡೀಸೆಲ್ ತುಂಬಿಸುವುದನ್ನೂ ಬಿಡಿ. ಮುಚ್ಚಳದ ಸುತ್ತ ಕೂತ ಹಿಮ ತೆರೆದ ತಕ್ಷಣ ಒಳಗೆ ಬೀಳುತ್ತದೆ. ಮೊದಲು ಗ್ಲೌಸ್‌ನಿಂದ ಒರೆಸಿ, ಆಮೇಲೆ ತೆರೆಯಿರಿ.

ಹೊಸ ಫಿಲ್ಟರ್ ಹಾಕಿದ ಮೇಲೆ ಗಾಳಿ ತೆಗೆಯಬೇಕು. ಎಲೆಕ್ಟ್ರಿಕ್ ಪಂಪ್ ಇದ್ದರೆ ಕೀ ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಬಟ್ಟಲು ತುಂಬಿಕೊಳ್ಳುತ್ತದೆ. ಸ್ಟಾರ್ಟರನ್ನು ಒಂದೇ ಸಮ ಎಳೆಯಬೇಡಿ. ಹತ್ತು ಸೆಕೆಂಡ್ ತಿರುಗಿಸಿ, ಬಿಟ್ಟು, ಮತ್ತೆ ತಿರುಗಿಸಿ.

ಸಿರಾಕ್ಯೂಸ್_ಗೌಡ

ಅಪ್‌ಡೇಟ್. ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ನೀರು ಬಂತು. ಫಿಲ್ಟರ್, ರಬ್ಬರ್ ರಿಂಗ್ ಹೊಸದು. ನಿನ್ನೆ ರಾತ್ರಿ ಮತ್ತೆ ಮೊಣಕಾಲುದ್ದ ಹಿಮ ಬಿತ್ತು. ಬೆಳಿಗ್ಗೆ ಮೈನಸ್ 13. ಪಿಟಿಒ ನಿಮಿಷಕ್ಕೆ 540 ಸುತ್ತಿನಲ್ಲಿ ಇಟ್ಟು ಇಡೀ ಡ್ರೈವ್‌ವೇ ತೆಗೆದೆ, ಪಕ್ಕದ ಮನೆಯವರದ್ದನ್ನೂ ತೆಗೆದುಕೊಟ್ಟೆ. ಎಲ್ಲೂ ಸೋಲಲಿಲ್ಲ.

ಆದರೆ ರಸ್ತೆ ಬದಿಯಲ್ಲಿ ಬ್ಲೋವರ್ ಶಾಫ್ಟಿನ ಶಿಯರ್ ಬೋಲ್ಟ್ ಮುರಿಯಿತು! ಪ್ಲಾಸ್ಟಿಕ್ ಚೀಲದಲ್ಲಿ ಎಸೆದಿದ್ದ ಪೇಪರ್ ಹಿಮದಡಿ ಕಲ್ಲಾಗಿ ಕೂತಿತ್ತು. ಅಂಗಡಿಯಲ್ಲಿ ಗಟ್ಟಿ ಬೋಲ್ಟ್ ಕೂಡ ಇದೆ, ಅದನ್ನೇ ಹಾಕಿದರೆ ಮುರಿಯುವುದಿಲ್ಲ ಅಲ್ವಾ?

ದುಲೂತ್_ಭಟ್ರು

ಬೋಲ್ಟ್ ಮುರಿಯುವುದಿಲ್ಲ, ಗೇರ್‌ಬಾಕ್ಸ್ ಮುರಿಯುತ್ತದೆ. ಮುರಿಯಲಿ ಅಂತಲೇ ಅದನ್ನು ಹಾಕಿರುವುದು. ತಲೆ ಮೇಲೆ ಗೆರೆ ಇಲ್ಲದ್ದು ಗ್ರೇಡ್ 2, ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ನಿಮ್ಮ ಬ್ಲೋವರ್ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದನ್ನೇ ತನ್ನಿ, ಒಟ್ಟಿಗೆ ಒಂದು ಡಜನ್ ತಂದು ಟೂಲ್ ಬಾಕ್ಸ್‌ನಲ್ಲಿ ಹಾಕಿಡಿ. ಬದಲಾಯಿಸುವಾಗ ಪಿಟಿಒ ಬಿಡಿಸಿ, ಇಂಜಿನ್ ಆಫ್ ಮಾಡಿ, ಕೀ ಜೇಬಿನಲ್ಲಿ ಇಟ್ಟುಕೊಂಡೇ ಇಳಿಯಿರಿ. ಹಿಮ ಹೊರಗೆಸೆಯುವ ಚೂಟ್‌ನಲ್ಲಿ ಹಿಮ ಕಟ್ಟಿಕೊಂಡಿದ್ದರೆ ಕೋಲು ಬಳಸಿ, ಕೈ ಹಾಕಬೇಡಿ. ಇಂಜಿನ್ ನಿಂತಿದ್ದರೂ ಫ್ಯಾನ್‌ನಲ್ಲಿ ಬಿಗಿ ಉಳಿದಿರುತ್ತದೆ, ಹಿಮ ಸಡಿಲವಾದ ಕ್ಷಣ ಒಂದು ಸುತ್ತು ಹೊಡೆಯುತ್ತದೆ.

ಜಲ್ಲಿ ಡ್ರೈವ್‌ವೇ ಅಂದಿರಿ, ಹಾಗಾಗಿ ಸ್ಕಿಡ್ ಶೂ (ಬ್ಲೋವರ್ ಕೆಳಗೆ ನೆಲದ ಮೇಲೆ ಜಾರುವ ಪಟ್ಟಿ) ಇಳಿಸಿ ಬ್ಲೋವರ್ ಅಂಚು ನೆಲದಿಂದ ಒಂದು ಇಂಚು ಮೇಲೆ ಇರಲಿ. ಇಲ್ಲದಿದ್ದರೆ ಮುಂದಿನ ಪೋಸ್ಟ್ ಪಕ್ಕದ ಮನೆಯ ಕಿಟಕಿ ಗಾಜಿನ ಬಗ್ಗೆ ಬರುತ್ತದೆ.