ಸಹಾಯ ಬೇಕು: ಸುಸ್ಸು ಹೇಳ್ತಾಳೆ, ಕಕ್ಕ ತಡ್ಕೊಳ್ತಾಳೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಚಿಕ್ಕಬಳ್ಳಾಪುರದಲ್ಲಿ. ಮಗಳಿಗೆ 2 ವರ್ಷ 8 ತಿಂಗಳು. ಡೈಪರ್ ಬಿಡಿಸೋಕೆ ಶುರು ಮಾಡಿ ಒಂದೂವರೆ ತಿಂಗಳಾಯ್ತು. ಸುಸ್ಸು ಬಂದ್ರೆ ಓಡಿ ಬಂದು ಹೇಳ್ತಾಳೆ. ಕಷ್ಟ ಇರೋದು ಕಕ್ಕದ್ದು.

ಬಾಗಿಲ ಹಿಂದೆ ಹೋಗಿ, ಕಾಲು ಬಿಗಿ ಮಾಡ್ಕೊಂಡು, ಮುಖ ಕೆಂಪಗಾಗೋ ತನಕ ತಡ್ಕೊಂಡು ನಿಂತಿರ್ತಾಳೆ. ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ಹೋದ ತಿಂಗಳು ಒಂದ್ಸಲ ಗಟ್ಟಿಯಾಗಿ ಹೋಗಿ ತುಂಬಾ ಅತ್ತಿದ್ದಳು, ಆವತ್ತಿಂದ ಈ ಭಯ. ತಡೆದಷ್ಟೂ ಗಟ್ಟಿಯಾಗುತ್ತೆ, ಗಟ್ಟಿಯಾದಷ್ಟೂ ನೋವು, ನೋವಾದ್ರೆ ಮತ್ತೆ ತಡೀತಾಳೆ. ಕೊನೆಗೆ ರಾತ್ರಿ ಡೈಪರ್ ಹಾಕಿದ ಮೇಲೆ ಅದರಲ್ಲೇ ಮಾಡ್ತಾಳೆ.

ನಮ್ಮತ್ತೆ "ನಮ್ ಕಾಲದಲ್ಲಿ ಕಾಲ ಮೇಲೆ ಕೂರಿಸ್ಕೊಂಡು ಉಸ್ಸ್ ಅಂತಿದ್ವಿ, ಬೇಗ ಕಲೀತಿದ್ವು" ಅಂತಾರೆ. ಅದು ನಿಜಾನೇ. ಆದ್ರೆ ಗದರಿಸಿ ಕೂರಿಸೋದು ನನಗೆ ಒಪ್ಪಿಗೆ ಇಲ್ಲ. ಎರಡು ದಿನ ಹಾಗೆ ಮಾಡಿದ್ದಕ್ಕೇ ಬಚ್ಚಲ ಕಡೆ ಬರೋದನ್ನೇ ಬಿಟ್ಟಿದ್ದಳು.

ಈಗ ಬೆಳಗ್ಗೆ ತಿಂಡಿ ಆದ ಮೇಲೆ ಐದು ನಿಮಿಷ ಪಾಟಿ ಮೇಲೆ ಕೂರಿಸ್ತೀನಿ, ಹೊಟ್ಟೆ ತುಂಬಿದಾಗ ಕರುಳು ತಾನಾಗೇ ಕೆಲಸ ಮಾಡುತ್ತಲ್ಲ ಅಂತ. ಪಾದ ನೆಲಕ್ಕೆ ಊರೋ ಹಾಗೆ ಚಿಕ್ಕ ಪಾಟಿ ತಂದಿದ್ದೀವಿ. ಪಪ್ಪಾಯಿ, ಮಸ್ಸೊಪ್ಪು, ನೀರು ಜಾಸ್ತಿ ಕೊಡ್ತಿದ್ದೀನಿ, ಹಾಲು ಕಡಿಮೆ ಮಾಡಿದ್ದೀನಿ. ಸ್ವಲ್ಪ ಮೆತ್ತಗಾಗಿದೆ, ಭಯ ಮಾತ್ರ ಹೋಗಿಲ್ಲ.

ನಿಮ್ಮ ಮಕ್ಕಳೂ ಹೀಗೆ ತಡೀತಿದ್ರಾ? ಹೇಗೆ ಬಿಡಿಸಿದ್ರಿ? ಡೈಪರ್ ಹಾಕೇ ಪಾಟಿ ಮೇಲೆ ಕೂರಿಸಿ ನಿಧಾನಕ್ಕೆ ಅಭ್ಯಾಸ ಮಾಡಿಸ್ಲಾ, ಇಲ್ಲ ಡೈಪರ್ ಪೂರ್ತಿ ನಿಲ್ಲಿಸ್ಲಾ? ಈ ವಾರ ಮಕ್ಕಳ ಡಾಕ್ಟರ್ ಹತ್ರ ಹೋಗ್ತಿದ್ದೀವಿ. ಅವರನ್ನ ಏನೇನು ಕೇಳ್ಬೇಕು ಅಂತಾನೂ ಅನುಭವ ಇರೋರು ದಯವಿಟ್ಟು ತಿಳಿಸಿ.