ಇ.ಆರ್. ನೆಗೆಟಿವ್ ಬಂತು: ಸ್ಲೈಡ್ ತಪ್ಪೋ, ಗಡ್ಡೆಯೇ ಬೇರೆಯೋ?

ಬದಿಯಡ್ಕ_ಸ್ಲೈಡ್: ನಮಸ್ಕಾರ. ಕಾಸರಗೋಡಿನ ಸಣ್ಣ ಲ್ಯಾಬಿನಲ್ಲಿ ಟೆಕ್ನಿಶಿಯನ್ ನಾನು. ಸ್ತನದ ಗಡ್ಡೆಯ ಒಂದು ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಂಡು). ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡಿನಲ್ಲಿ ಓಡುದೋಸೆ ಹಾಗೆ ತೂತು ತೂತು. ಕ್ರಿಬ್ರಿಫಾರ್ಮ್ ಕಾರ್ಸಿನೋಮಾ (ಜರಡಿ ಹಾಗೆ ಕಾಣುವ ಸ್ತನ ಕ್ಯಾನ್ಸರ್) ಇರಬಹುದು ಅಂತ ಡಾಕ್ಟ್ರು ಇ.ಆರ್. (ಈಸ್ಟ್ರೋಜನ್ ಹಾರ್ಮೋನ್ ಹಿಡಿಯುವ ಪ್ರೋಟೀನಿನ ಪರೀಕ್ಷೆ, ಅದಿದ್ದರೆ ಕಂದು ಬಣ್ಣ) ಹಾಕಿಸಿದರು. ಅದಾದರೆ ಇ.ಆರ್. ಚೆನ್ನಾಗಿ ಹಿಡಿಯಬೇಕಲ್ವಾ? ಮೊದಲ ಸಲ ನೆಗೆಟಿವ್. ಮಳೆಗೆ ಕರೆಂಟ್ ಹೋಗಿ ರಿಟ್ರೀವಲ್ (ಬಣ್ಣ ಹಿಡಿಯಲೆಂದು ಸ್ಲೈಡ್ ಬಿಸಿ ಮಾಡುವ ಹಂತ) ಅರ್ಧಕ್ಕೆ ನಿಂತಿತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ಎರಡನೇ ಸಲವೂ ನೆಗೆಟಿವ್! ಸ್ತನ ಕ್ಯಾನ್ಸರಿಗೆ ಜೊತೆಗೇ ನೋಡುವ ಪಿ.ಆರ್., ಹರ್-2 ಕೂಡ ಇಲ್ಲ. ಬೈಗುಳ ಮಾತ್ರ ನನಗೆ ಮಾರಾಯ್ರೇ.

ಹೊಸೂರು_ಮೈಕ್ರೋಟೋಮ್: ಮೇಡಂ, ಅದೇ ಸ್ಲೈಡಿನ ಅಂಚಿನಲ್ಲಿ ಮಾಮೂಲಿ ಡಕ್ಟ್ (ಹಾಲಿನ ನಾಳ) ಇದೆಯಾ? ಅದರ ನ್ಯೂಕ್ಲಿಯಸ್‌ಗಳು ಅಲ್ಲಲ್ಲಿ ಕಂದು ಬಂದಿದ್ದರೆ ನಿಮ್ಮ ಕೆಲಸ ಸರಿಯಾಗಿದೆ. ಫಾರ್ಮಲಿನ್‌ನಲ್ಲಿ ಎಷ್ಟು ಹೊತ್ತಿತ್ತು? 6ರಿಂದ 72 ಗಂಟೆಯೊಳಗೆ ಇರಬೇಕು.

ಬದಿಯಡ್ಕ_ಸ್ಲೈಡ್: ಸುಮಾರು 20 ಗಂಟೆ. ಡಕ್ಟ್ ಇದೆ, ಕಂದೂ ಬಂದಿದೆ.

ಹೊಸೂರು_ಮೈಕ್ರೋಟೋಮ್: ಹಾಗಾದರೆ ಇ.ಆರ್. ಸುಮ್ನೆ ಮತ್ತೆ ಹಾಕಬೇಡಿ. ತೂತುಗಳನ್ನೇ ನೋಡಿ, ಎಲ್ಲ ಒಂದೇ ಜಾತಿಯವಾ? ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಅನ್ನೋ ಇನ್ನೊಂದು ಕ್ಯಾನ್ಸರಿನಲ್ಲಿ ಎರಡು ಜಾತಿ ಇರುತ್ತವೆ. ಸಣ್ಣವು ನಿಜವಾದ ಲ್ಯೂಮೆನ್ (ಗ್ರಂಥಿಯ ಒಳಜಾಗ), ಒಳಗಿನದು ಪಿ.ಎ.ಎಸ್. ಬಣ್ಣಕ್ಕೆ ಕೆಂಪಗಾಗುತ್ತದೆ. ದೊಡ್ಡವು ಸುಳ್ಳು ತೂತು, ಒಳಗೆ ಬೇಸ್‌ಮೆಂಟ್ ಮೆಂಬ್ರೇನಿನ (ಕೋಶಗಳ ಕೆಳಗಿನ ತೆಳು ಪೊರೆಯ) ಸಾಮಾನು, ಆಲ್ಷಿಯನ್ ಬ್ಲೂ ಬಣ್ಣಕ್ಕೆ ನೀಲಿ. ಕೋಶಗಳೂ ಎರಡು ಬಗೆ: ಒಳಗಿನವು ಸಿ.ಡಿ.117, ಸುತ್ತಲಿನವು ಪಿ63 ಅನ್ನೋ ಪ್ರೋಟೀನ್ ಪರೀಕ್ಷೆಗೆ ಬಣ್ಣ ಹಿಡಿಯುತ್ತವೆ. ಜೊಲ್ಲಿನ ಗ್ರಂಥಿಯಲ್ಲಿ ಬರುವ ಗಡ್ಡೆಯೇ ಇದು. ಸ್ತನದಲ್ಲಿ ಸಾವಿರಕ್ಕೆ ಒಂದೂ ಸಿಗುವುದಿಲ್ಲ.

ಅಕ್ಕಲಕೋಟೆ_ಲ್ಯಾಬ್: ಸ್ವಲ್ಪ ತಡೀರಿ ಸರ್. ಕೊಲಾಜಿನಸ್ ಸ್ಫೆರುಲೋಸಿಸ್ ಕೂಡ ಹೀಗೇ ಕಾಣುತ್ತೆ, ಅದು ಕ್ಯಾನ್ಸರೇ ಅಲ್ಲ. ಅದಕ್ಕೂ ಪಿ63 ಹಿಡಿಯುತ್ತೆ, ಮೋಸ ಹೋಗಬಾರದು. ಕ್ಯಾಲ್ಪೋನಿನ್ (ಸ್ನಾಯುಗುಣದ ಕೋಶ ತೋರಿಸುವ ಪರೀಕ್ಷೆ) ಕೂಡ ಹಾಕಿ. ಸ್ಫೆರುಲೋಸಿಸ್ ಆದರೆ ಅದು ಚೆನ್ನಾಗಿ ಬರುತ್ತೆ, ಸಿ.ಡಿ.117 ಸಾಮಾನ್ಯವಾಗಿ ಬರಲ್ಲ.

ಬದಿಯಡ್ಕ_ಸ್ಲೈಡ್: ಹಾಕಿದೆ! ಸಿ.ಡಿ.117 ಒಳಗೆ ಕಂದು, ಪಿ63 ಸುತ್ತಲೂ ಚುಕ್ಕಿ ಚುಕ್ಕಿ, ಕ್ಯಾಲ್ಪೋನಿನ್ ಇಲ್ಲ. ಆಲ್ಷಿಯನ್ ಬ್ಲೂ ಮೊದಲು ಮಂಕಾಗಿತ್ತು. ಆ ದ್ರಾವಣದ ಪಿ.ಎಚ್. ನೋಡಿದರೆ 4ರ ಹತ್ತಿರ! 2.5ಕ್ಕೆ ತಂದ ಮೇಲೆ ದೊಡ್ಡ ತೂತುಗಳು ನೀಲಿಯಾದವು. ಅಡಿನಾಯ್ಡ್ ಸಿಸ್ಟಿಕ್ ಅಂತಲೇ ಡಾಕ್ಟ್ರು ಬರೆದರು. ಆದರೆ ಇ.ಆರ್., ಪಿ.ಆರ್., ಹರ್-2 ಮೂರೂ ನೆಗೆಟಿವ್ ಅಂದರೆ ಕೆಟ್ಟದ್ದಲ್ವಾ?

ಹೊಸೂರು_ಮೈಕ್ರೋಟೋಮ್: ಇದರಲ್ಲಿ ಹಾಗಲ್ಲ. ಮಾಮೂಲಿ ಬಗೆ ಕಂಕುಳಿನ ಗಂಟಿಗೆ ಹೋಗುವುದೇ ಅಪರೂಪ, ರೋಗಿಗಳೂ ಚೆನ್ನಾಗಿರುತ್ತಾರೆ. ತೂತಿಲ್ಲದೆ ಗಟ್ಟಿಯಾಗಿ ತುಂಬಿಕೊಂಡ ಬೇಸಲಾಯ್ಡ್ (ಸಣ್ಣ, ಕಪ್ಪಗಿನ ಕೋಶಗಳ) ಭಾಗ ಇದ್ದರೆ ಮಾತ್ರ ಜಾಸ್ತಿ ಎಚ್ಚರ. ಉಳಿದ ಬ್ಲಾಕುಗಳನ್ನೂ ಕತ್ತರಿಸಿದ್ದೀರಾ?

ಬದಿಯಡ್ಕ_ಸ್ಲೈಡ್: ಎರಡು ಬಾಕಿ. ಕರೆಂಟ್ ಬರಲಿ, ಕೂರುತ್ತೇನೆ.