ಬುಕಾರೆಸ್ಟಿನ ಈ ತಿತುಲೆಸ್ಕು ಯಾರು?

ಬಸ್ಸಿನ_ಕಿಟಕಿ:
ಎಂಟು ತಿಂಗಳಿಂದ ರೊಮೇನಿಯಾದ ರಾಜಧಾನಿ ಬುಕಾರೆಸ್ಟಿನಲ್ಲಿ ಕೆಲಸಕ್ಕಿದ್ದೇನೆ. ದಿನಾ ನನ್ನ ಬಸ್ಸು ನಿಕೊಲಾಯೆ ತಿತುಲೆಸ್ಕು ರಸ್ತೆ ಹಿಡಿದೇ ಹೋಗುತ್ತದೆ. ಅದೇ ಹೆಸರಿನ ಯೂನಿವರ್ಸಿಟಿಯೂ ಇದೆ. ಆಫೀಸಲ್ಲಿ ಕೇಳಿದರೆ ‘ದೊಡ್ಡ ರಾಜತಾಂತ್ರಿಕ’ ಅಂತಾರೆ, ಅಷ್ಟೇ. ಇಲ್ಲಿನ ಸರ್ವಾಧಿಕಾರಿಯಾಗಿದ್ದ ಚೌಶೆಸ್ಕು ಹೆಸರು ನಮಗೂ ಗೊತ್ತು. ಇವನೇನು ಮಾಡಿದ?

ಹಳೇ_ಮೇಷ್ಟ್ರು:
ನಾನು ಬಿ.ಎ. ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟು ರಿಟೈರ್ ಆದವನು. ‘ರಾಷ್ಟ್ರಸಂಘದ ವೈಫಲ್ಯಕ್ಕೆ ಕಾರಣಗಳನ್ನು ವಿವರಿಸಿ’ ಅಂತ ವರ್ಷಾ ವರ್ಷ ಪ್ರಶ್ನೆ ಕೇಳಿದ್ದೇ ಕೇಳಿದ್ದು. ವಿಶ್ವಸಂಸ್ಥೆಗೂ ಮೊದಲಿದ್ದ ಆ ಸಂಘದ (ಲೀಗ್ ಆಫ್ ನೇಷನ್ಸ್) ಸಭೆಗೆ 1930ರಲ್ಲೂ 1931ರಲ್ಲೂ ಅಧ್ಯಕ್ಷನಾಗಿದ್ದವನು ಈತ. ಸತತ ಎರಡು ಸಲ ಆ ಕುರ್ಚಿ ಬೇರೆ ಯಾರಿಗೂ ಸಿಗಲಿಲ್ಲ.

ಹುಟ್ಟಿದ್ದು 1882, ಕ್ರಾಯೊವಾದಲ್ಲಿ. ಪ್ಯಾರಿಸ್‌ನಲ್ಲಿ ಕಾನೂನು ಓದಿ, ಯಾಶ್ ಊರಿನಲ್ಲಿ ಪಾಠ ಹೇಳಿ, 1912ರಲ್ಲಿ ಸಂಸತ್ತಿಗೆ ಬಂದ. ಹಣಕಾಸು ಮಂತ್ರಿ, ಲಂಡನ್ನಿನಲ್ಲಿ ರಾಯಭಾರಿ, ಆಮೇಲೆ ವಿದೇಶಾಂಗ ಮಂತ್ರಿ. ಇವೆಲ್ಲ ಇರಲಿ, ನನಗೆ ಇಷ್ಟವಾದ ಪ್ರಸಂಗ ಬೇರೆ.

1936ರ ಜೂನ್ 30, ಜಿನೀವಾದಲ್ಲಿ ರಾಷ್ಟ್ರಸಂಘದ ಸಭೆ. ಮುಸೊಲಿನಿ ಇಥಿಯೋಪಿಯಾ ನುಂಗಿಯಾಗಿದೆ. ದೇಶ ಕಳೆದುಕೊಂಡ ಚಕ್ರವರ್ತಿ ಹೈಲೆ ಸೆಲಾಸಿ ಮಾತಾಡಲು ಎದ್ದು ನಿಂತರೆ, ಗ್ಯಾಲರಿಯಲ್ಲಿದ್ದ ಇಟಲಿಯ ಪತ್ರಕರ್ತರು ಸೀಟಿ ಊದಿ ಗಲಾಟೆ ಎಬ್ಬಿಸಿದರು. ಆಗ ತಿತುಲೆಸ್ಕು ಎದ್ದು ಫ್ರೆಂಚಿನಲ್ಲಿ ಗುಡುಗಿದ: ‘ಈ ಕಾಡುಜನರನ್ನು ಆಚೆ ಹಾಕಿ!’ ಪೊಲೀಸರು ಬಂದು ಅವರನ್ನು ಎಳೆದುಕೊಂಡು ಹೋದರು. ರಾಜತಾಂತ್ರಿಕ ಅಂದರೆ ಬೆಣ್ಣೆ ಮಾತಿನವನು ಅಂದುಕೊಂಡಿದ್ದೆ ನಾನು.

ಬಸ್ಸಿನ_ಕಿಟಕಿ:
ವಾಹ್! ಆಮೇಲೆ ಪ್ರಧಾನಿ ಆದನಾ?

ಹಳೇ_ಮೇಷ್ಟ್ರು:
ಎಲ್ಲಿಯ ಪ್ರಧಾನಿ! ಎರಡು ತಿಂಗಳಲ್ಲಿ ಮನೆಗೆ. ಆಗಸ್ಟ್ 29ರಂದು ರಾಜ ಎರಡನೇ ಕರೋಲ್ ಮಂತ್ರಿಮಂಡಲ ಬದಲಿಸಿದಾಗ ಇವನ ಹೆಸರೇ ಇರಲಿಲ್ಲ. ಆಗ ಈತ ಫ್ರಾನ್ಸಿನಲ್ಲಿದ್ದ.

ಸಣ್ಣ ದೇಶಗಳು ಕೈ ಹಿಡಿದು ನಿಂತರೆ ಗಡಿ ಉಳಿಯುತ್ತದೆ ಅನ್ನುವುದು ಇವನ ಲೆಕ್ಕ. ಅದಕ್ಕೇ ಜೆಕೊಸ್ಲೊವಾಕಿಯಾ, ಯುಗೊಸ್ಲಾವಿಯಾ ಜೊತೆಗಿನ ಕೂಟವನ್ನು 1933ರಲ್ಲಿ ಬಿಗಿ ಮಾಡಿದ. 1934ರಲ್ಲಿ ಬಾಲ್ಕನ್ ಒಪ್ಪಂದಕ್ಕೆ ಸಹಿ. ಅದೇ ವರ್ಷ ಸೋವಿಯತ್ ಒಕ್ಕೂಟದ ಜೊತೆ ಸಂಬಂಧ ಶುರು. ಈ ಕೊನೆಯದೇ ಬಲಪಂಥೀಯರ ಕಣ್ಣು ಕೆಂಪಾಗಿಸಿದ್ದು. ನನ್ನ ಪ್ರಕಾರ ತಪ್ಪು ಬೇರೆ ಕಡೆ ಇತ್ತು. ಜಿನೀವಾದಲ್ಲಿ ಚಪ್ಪಾಳೆ ಸಿಗುತ್ತಿತ್ತು, ಊರಲ್ಲಿ ಬೆನ್ನಿಗೆ ಗಟ್ಟಿ ಪಕ್ಷ ಇರಲಿಲ್ಲ.

ಮಲೆನಾಡ_ಮಳೆ:
ಒಂದು ಸೇರಿಸಲಾ? ಅದೇ ಅಧ್ಯಕ್ಷ ಕುರ್ಚಿಯಲ್ಲಿ 1937ರಲ್ಲಿ ಕೂತವರು ಭಾರತದ ಪ್ರತಿನಿಧಿ ಆಗಾಖಾನ್. ಅವರಿಗೆ ಸಿಕ್ಕಿದ್ದು ಒಂದೇ ಸಲ.

ಮೇಷ್ಟ್ರೇ, ಅವನ ಕೊನೆ ಹೇಗಾಯ್ತು?

ಹಳೇ_ಮೇಷ್ಟ್ರು:
1941ರ ಮಾರ್ಚಿನಲ್ಲಿ, ಫ್ರಾನ್ಸಿನ ಕಾನ್‌ನಲ್ಲಿ ತೀರಿಹೋದ. ಮೂಳೆ ಊರಿಗೆ ಬಂದದ್ದು ಚೌಶೆಸ್ಕು ಹೋದ ಮೇಲೆ, 1992ರಲ್ಲಿ. ಈಗ ಬ್ರಾಶೋವ್‌ನ ಸಂತ ನಿಕೊಲಾಸ್ ಚರ್ಚಿನ ಅಂಗಳದಲ್ಲಿದ್ದಾನೆ. ಬ್ರಾಶೋವ್ ಇರೋದು ಟ್ರಾನ್ಸಿಲ್ವೇನಿಯಾದಲ್ಲಿ, ಅಲ್ವಾ? ಆ ಸೀಮೆ ರೊಮೇನಿಯಾದ್ದು ಅಂತ ಹಂಗೇರಿ ಒಪ್ಪಿಕೊಂಡ 1920ರ ಟ್ರಿಯಾನಾನ್ ಒಪ್ಪಂದಕ್ಕೆ ರೊಮೇನಿಯಾ ಪರವಾಗಿ ಸಹಿ ಹಾಕಿದವರಲ್ಲಿ ಇವನೂ ಒಬ್ಬ.

ಬಸ್ಸಿನ_ಕಿಟಕಿ:
ಬ್ರಾಶೋವ್‌ಗೆ ಇಲ್ಲಿಂದ ರೈಲಿದೆ. ಶನಿವಾರ ಹೋಗ್ತೀನಿ, ಫೋಟೋ ಹಾಕ್ತೀನಿ ಮೇಷ್ಟ್ರೇ.